ತೂಕ ಇಳಿಯಿತು, ಮನಸ್ಸು ಕುಗ್ಗಿತೇಕೆ?

ಹಬ್ಬದ ಸಂಚಿಕೆಯಲ್ಲಿ ಹೋಳಿಗೆ, ಪಾಯಸದ ಮಾತು ಬಿಟ್ಟು ಇದೇನು ವಿಷಯ ಎನ್ನಬೇಡಿ. ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಅಮೆರಿಕದ ನಮ್ಮ ಕನ್ನಡ ಕುಟುಂಬಗಳಲ್ಲೂ ಇದ್ದಾರೆ. ಅವರಲ್ಲಿ ಕೆಲವರು ಕೇಳುವುದುಂಟು: "ಡಾಕ್ಟ್ರೇ, ತೂಕ ಇಳಿದಿದೆ, ಸಕ್ಕರೆ ಹತೋಟಿಗೆ ಬಂದಿದೆ. ಆದರೂ ಯಾವುದರಲ್ಲೂ ಉತ್ಸಾಹವಿಲ್ಲ. ಇದು ಕೊಲೆಸ್ಟರಾಲ್ ಮಾತ್ರೆಯ ಕೆಲಸವೇ? ನಿಲ್ಲಿಸಿಬಿಡಲೇ?"

ಈ ಗುಮಾನಿ ಹಳೆಯದು. ಕೊಲೆಸ್ಟರಾಲ್ ಇಳಿಸಿದವರಲ್ಲಿ ಅಪಘಾತ, ಆತ್ಮಹತ್ಯೆಯ ಸಾವುಗಳು ಹೆಚ್ಚೆಂದು 1990ರಲ್ಲಿ ಒಂದು ವಿಶ್ಲೇಷಣೆ ಹೇಳಿತ್ತು. ಅದು ಬಹುಪಾಲು ಸ್ಟ್ಯಾಟಿನ್‌ಗಳಿಗಿಂತ ಮುಂಚಿನ ಚಿಕಿತ್ಸೆಗಳ ಮಾತು. 1994ರಲ್ಲಿ ಪ್ರಕಟವಾದ, 4,444 ಹೃದ್ರೋಗಿಗಳ '4ಎಸ್' ಪ್ರಯೋಗದಲ್ಲಿ ಸಿಮ್ವಾಸ್ಟ್ಯಾಟಿನ್ ಜೀವ ಉಳಿಸಿತು. ಅಂಥ ಸಾವುಗಳು ಹೆಚ್ಚಲಿಲ್ಲ. ಸ್ಟ್ಯಾಟಿನ್‌ಗಳಿಂದ ಖಿನ್ನತೆ ಬರುತ್ತದೆಂದು ನಂತರದ ದೊಡ್ಡ ಪ್ರಯೋಗಗಳಲ್ಲೂ ಸಾಬೀತಾಗಿಲ್ಲ.

ಹಾಗಾದರೆ ಕಾರಣವೇನು? ಶಸ್ತ್ರಚಿಕಿತ್ಸೆಯ ಮೊದಲ ವರ್ಷದಲ್ಲಿ ಹೆಚ್ಚಿನವರ ಮನಸ್ಸು ಹಗುರವಾಗುತ್ತದೆ. ಕೆಲವರಲ್ಲಿ ಎರಡನೆಯ, ಮೂರನೆಯ ವರ್ಷ ಖಿನ್ನತೆ ಮರಳುತ್ತದೆ. ಕೆನಡಾದ ಒಂಟಾರಿಯೊದಲ್ಲಿ 8,815 ಜನರನ್ನು ಗಮನಿಸಿದ ಅಧ್ಯಯನದಲ್ಲಿ, ತಮಗೆ ತಾವೇ ಹಾನಿ ಮಾಡಿಕೊಂಡು ಆಸ್ಪತ್ರೆಗೆ ಬಂದ ಪ್ರಸಂಗಗಳು ಶಸ್ತ್ರಚಿಕಿತ್ಸೆಯ ನಂತರ ಸುಮಾರು ಶೇಕಡಾ 50ರಷ್ಟು ಹೆಚ್ಚಿದ್ದವು. ಇಂಥವರ ಸಂಖ್ಯೆ ಚಿಕ್ಕದು, ಆದರೆ ಅಲಕ್ಷಿಸುವಂಥದ್ದಲ್ಲ.

ಹೊಟ್ಟೆಯ ರಚನೆ ಬದಲಾದಾಗ ಬಿ12 ಜೀವಸತ್ವ, ಕಬ್ಬಿಣದಂಥ ಪೋಷಕಾಂಶಗಳು ಮೈಗೆ ಸರಿಯಾಗಿ ಹತ್ತುವುದಿಲ್ಲ. ಸಸ್ಯಾಹಾರಿಗಳಾದ ನಮ್ಮವರಲ್ಲಿ ಅನೇಕರಿಗೆ ಬಿ12 ಮೊದಲೇ ಕಡಿಮೆ. ಅದರ ಕೊರತೆಯಿಂದ ಸುಸ್ತು, ಮರೆವು, ಬೇಸರ ಬರಬಹುದು. ಖಿನ್ನತೆಗೆ ಮೊದಲಿನಿಂದ ತೆಗೆದುಕೊಳ್ಳುತ್ತಿದ್ದ ಮಾತ್ರೆ, ಅದರಲ್ಲೂ ನಿಧಾನವಾಗಿ ಕರಗುವಂಥದ್ದು, ಮೊದಲಿನಂತೆ ಕೆಲಸ ಮಾಡದಿರಬಹುದು. ಬೈಪಾಸ್ ನಂತರ ಮದ್ಯ ಬೇಗನೆ ತಲೆಗೇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬೇಸರಕ್ಕೂ ಸಂತೋಷಕ್ಕೂ ಜೊತೆಯಾಗಿದ್ದ ಊಟವೇ ನಾಲ್ಕು ತುತ್ತಿಗೆ ಮುಗಿದುಹೋಗುತ್ತದೆ.

ಆದ್ದರಿಂದ ಸ್ಟ್ಯಾಟಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ನಿಲ್ಲಿಸಿದರೆ ಹೃದಯಕ್ಕಿದ್ದ ರಕ್ಷಣೆ ಹೋಗುತ್ತದೆ, ಖಿನ್ನತೆ ಹಾಗೆಯೇ ಉಳಿದೀತು. ತೂಕ ಇಳಿದಾಗ ಕೊಲೆಸ್ಟರಾಲ್ ಕೂಡ ಇಳಿಯುವುದುಂಟು. ರಕ್ತಪರೀಕ್ಷೆ ನೋಡಿ ನಿಮ್ಮ ವೈದ್ಯರೇ ಪ್ರಮಾಣ ತಗ್ಗಿಸಬಹುದು. ಹೃದಯಾಘಾತವಾದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಸಾಮಾನ್ಯವಾಗಿ ಮಾತ್ರೆ ಮುಂದುವರಿಯಲೇಬೇಕು. ಮಾತ್ರೆ ಶುರುಮಾಡಿದ ಮೇಲೆಯೇ ತೊಂದರೆ ಬಂತು ಎನಿಸಿದರೆ ಅದನ್ನೂ ಹೇಳಿ. ಬೇರೆ ಸ್ಟ್ಯಾಟಿನ್ ಪ್ರಯತ್ನಿಸಬಹುದು. ಬಿ12, ಕಬ್ಬಿಣ, ಡಿ ಜೀವಸತ್ವ, ಥೈರಾಯ್ಡ್ ಪರೀಕ್ಷೆಗಳನ್ನೂ ಕೇಳಿ ಮಾಡಿಸಿಕೊಳ್ಳಿ.

ಎರಡು ವಾರಕ್ಕೂ ಹೆಚ್ಚು ಮಂಕು ಕವಿದಿದ್ದರೆ ವೈದ್ಯರನ್ನು ಕಾಣಿರಿ. ಖಿನ್ನತೆಗೆ ಒಳ್ಳೆಯ ಚಿಕಿತ್ಸೆಯಿದೆ. ಬದುಕೇ ಬೇಡ ಎನಿಸಿದರೆ ಒಂದು ಗಳಿಗೆಯೂ ಕಾಯದೆ 988ಕ್ಕೆ ಕರೆ ಮಾಡಿ. 2022ರಿಂದ ಅಮೆರಿಕದಾದ್ಯಂತ ಈ ಸೇವೆ ಹಗಲುರಾತ್ರಿ ಲಭ್ಯವಿದೆ.

ಮನೆಯವರಲ್ಲೂ ಒಂದು ಮಾತು. "ಎಷ್ಟು ಸಣ್ಣಗಾಗಿದ್ದೀರಿ!" ಎಂದು ಹೊಗಳಿ ಸುಮ್ಮನಾಗಬೇಡಿ. ಪಕ್ಕದಲ್ಲಿ ಕೂತು "ಮನಸ್ಸು ಹೇಗಿದೆ?" ಎಂದೂ ಕೇಳಿ. ಉತ್ತರ ಬರುವವರೆಗೆ ಎದ್ದುಹೋಗಬೇಡಿ.