ಜಲವರ್ಣ, ಉಬ್ಬುಶಿಲ್ಪ, ವೀಣೆ: ಕಲಾವಿದ ಕೆ. ವೆಂಕಟಪ್ಪ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ಕನ್ನಡ ಸಂಘಗಳಲ್ಲಿ ಚಿತ್ರಕಲೆಯ ಮಾತು ಬಂದರೆ ಮೊದಲು ಕೇಳಿಬರುವುದು ಕೆ. ಕೆ. ಹೆಬ್ಬಾರರ ಹೆಸರು. ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಾಳಿದವರ ಬಗ್ಗೆ ಆ ಅಭಿಮಾನ ಸಹಜವೇ. ಆದರೆ ಅವರಿಗಿಂತ ಒಂದು ತಲೆಮಾರು ಹಿರಿಯರಾದ, ಜಲವರ್ಣ ಹಾಗೂ ಶಿಲ್ಪ ಎರಡರಲ್ಲೂ ಪಳಗಿದ್ದ ಮೈಸೂರಿನ ಕೆ. ವೆಂಕಟಪ್ಪನವರ ಪರಿಚಯ ಇಲ್ಲಿನ ಎಳೆಯರಿಗೆ ಅಷ್ಟಾಗಿ ಇರಲಾರದು.

ವೆಂಕಟಪ್ಪ ಹುಟ್ಟಿದ್ದು 1886ರಲ್ಲಿ, ಅರಮನೆಯ ಚಿತ್ರಗಾರರ ಮನೆತನದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹದಿಂದ 1909ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ್ ಬೋಸ್ ಅಲ್ಲಿ ಅವರ ಸಹಪಾಠಿ. ಸೋದರಿ ನಿವೇದಿತಾ ಹಾಗೂ ಆನಂದ ಕುಮಾರಸ್ವಾಮಿಯವರ 1913ರ ಪುರಾಣಕಥಾ ಗ್ರಂಥಕ್ಕೆ ರಾಮಾಯಣದ ಚಿತ್ರಗಳನ್ನು ಬರೆದುಕೊಟ್ಟವರಲ್ಲಿ ಈ ಮೈಸೂರಿನ ಯುವಕನೂ ಒಬ್ಬರು.

ಮೈಸೂರಿಗೆ ಮರಳಿದ ಮೇಲೆ ಅವರ ಕುಂಚ ಪುರಾಣದಿಂದ ಬೆಟ್ಟದ ಕಡೆಗೆ ಹೊರಳಿತು. ಊಟಿ, ಕೊಡೈಕನಾಲ್‌ಗಳ ಮಂಜು, ಮಳೆಮೋಡ, ಬೆಳದಿಂಗಳು ಅವರ ಜಲವರ್ಣಗಳಲ್ಲಿ ಇಳಿದವು. ಜಲವರ್ಣದಲ್ಲಿ ಬೆಳಕೆಂದರೆ ಕಾಗದದ ಬಿಳಿಯೇ. ಬಣ್ಣ ಒಮ್ಮೆ ಹೆಚ್ಚಾದರೆ ಆ ಬಿಳುಪು ಮರಳಿ ಸಿಗುವುದು ಕಷ್ಟ. ಮಂಜು ಬರೆಯುವವನಿಗೆ ಎಲ್ಲಿ ಕೈ ತಡೆಯಬೇಕೆಂಬುದು ಗೊತ್ತಿರಬೇಕು. ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಕೆಲಸ ಇನ್ನೊಂದು ಬಗೆ, ಕಲಸಿದ ಸ್ವಲ್ಪ ಹೊತ್ತಿಗೇ ಗಟ್ಟಿಯಾಗುತ್ತದೆ. ಅದರಲ್ಲೂ ಅವರು ಶಕುಂತಲೆಯ ಬೀಳ್ಕೊಡುಗೆಯಂಥ ಉಬ್ಬುಶಿಲ್ಪಗಳನ್ನು ಮಾಡಿದರು. ಇದರ ನಡುವೆ ವೀಣೆ ಶೇಷಣ್ಣನವರಲ್ಲಿ ವೀಣಾಭ್ಯಾಸ! ಅದರ ಹುಚ್ಚನ್ನೇ ವಸ್ತುವಾಗಿಸಿ 1926ರಲ್ಲಿ ಚಿತ್ರವನ್ನೂ ಬರೆದರು.

ಮದುವೆಯಾಗಲಿಲ್ಲ. ದಿನಚರಿ ಬರೆಯುವುದನ್ನು ಬಿಡಲಿಲ್ಲ. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ಮೈಸೂರು ಬಿಟ್ಟು ಬೆಂಗಳೂರು ಸೇರಿದ ಅವರು 1965ರಲ್ಲಿ ನಿಧನರಾದರು. ಹತ್ತು ವರ್ಷಗಳ ನಂತರ, 1975ರಲ್ಲಿ, ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಕಲಾಗ್ಯಾಲರಿ ತೆರೆಯಿತು. ಅವರ ಕೃತಿಗಳ ದೊಡ್ಡ ಸಂಗ್ರಹ ಸರಕಾರದ ವಶದಲ್ಲಿ ಉಳಿದದ್ದರಿಂದಲೇ ಸಾಮಾನ್ಯರೂ ಅವನ್ನು ನೋಡುವಂತಾಯಿತು. ಗ್ಯಾಲರಿಯನ್ನು ಖಾಸಗಿ ಸಂಸ್ಥೆಗೆ ವಹಿಸುವ ಯೋಜನೆ ಬಂದಾಗ, 2016ರಲ್ಲಿ ಬೆಂಗಳೂರಿನ ಕಲಾವಿದರು ಬೀದಿಗಿಳಿದು ವಿರೋಧಿಸಿದರು. ತಮ್ಮ ಚಿತ್ರಪ್ರದರ್ಶನಗಳಿಗೆ ಕಡಿಮೆ ಬಾಡಿಗೆಯಲ್ಲಿ ಸಿಗುತ್ತಿದ್ದ ಜಾಗವನ್ನೂ ಕಳೆದುಕೊಳ್ಳುವ ಭಯ ಅವರಿಗಿತ್ತು.

ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುವವರು ಅರ್ಧ ದಿನ ಬಿಡುವು ಮಾಡಿಕೊಳ್ಳಬಹುದು. ಗ್ಯಾಲರಿ ಕಬ್ಬನ್ ಪಾರ್ಕಿನ ಪಕ್ಕದಲ್ಲೇ ಇದೆ. ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.