ನೆಲದಿಂದ ಏಳುವ ಕಸುವು

ಮದುವೆ ಛತ್ರಗಳಲ್ಲಿ ನೆಲದ ಪಂಕ್ತಿ ಈಗ ಅಪರೂಪ. ಮಠಗಳಲ್ಲಿ, ಕೆಲವು ದೇವಸ್ಥಾನಗಳಲ್ಲಿ ಇನ್ನೂ ಉಳಿದಿದೆ. ಅಂಥ ಕಡೆ ಊಟ ಮುಗಿಯುವ ಹೊತ್ತಿಗೆ ಸಾಲನ್ನು ಒಮ್ಮೆ ಗಮನಿಸಿ. ಕೂರುವಾಗ ಯಾರ ಕಷ್ಟವೂ ಅಷ್ಟಾಗಿ ಕಾಣುವುದಿಲ್ಲ, ಏಳುವಾಗ ಎಲ್ಲ ಬಯಲಾಗುತ್ತದೆ. ಒಬ್ಬರು ಎಂಜಲುಗೈ ಮೇಲೆ ಹಿಡಿದು ಎಡಗೈಯನ್ನು ನೆಲಕ್ಕೆ ಊರುತ್ತಾರೆ. ಇನ್ನೊಬ್ಬರು ಮೊದಲು ಮಂಡಿಯೂರಿ, ಒಂದು ಉಸಿರು ಎಳೆದುಕೊಂಡು, ಆಮೇಲೆ ಏಳುತ್ತಾರೆ. ಮತ್ತೊಬ್ಬರು ಪಕ್ಕದ ಹುಡುಗನಿಗೆ ‘ಸ್ವಲ್ಪ ಕೈ ಕೊಡಪ್ಪ’ ಅನ್ನುತ್ತಾರೆ. ಇವರಲ್ಲಿ ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ತಪ್ಪದೆ ನಾಲ್ಕು ಸುತ್ತು ಹಾಕುವವರೂ ಇರುತ್ತಾರೆ.

ಜಿಮ್ಮಿಗೆ ಹೋಗದೆ ಮೈಯನ್ನು ಗಟ್ಟಿಯಾಗಿಟ್ಟುಕೊಳ್ಳುವುದು ಹೇಗೆ ಎಂದು ಕೇಳಿದರೆ ನಮ್ಮಲ್ಲಿ ಥಟ್ಟನೆ ಬರುವ ಉತ್ತರ ‘ವಾಕಿಂಗ್ ಮಾಡಿ’. ತಪ್ಪು ಉತ್ತರವೇನಲ್ಲ, ಆದರೆ ಅರ್ಧ ಉತ್ತರ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು ಹೇಳುತ್ತದೆ. ಮಾತಾಡಲು ಬರುತ್ತದೆ, ಹಾಡಲು ಬರುವುದಿಲ್ಲ ಎನ್ನುವಷ್ಟು ಬಿರುಸಿನ ನಡಿಗೆ ಅದು. ಇಷ್ಟು ಎಲ್ಲರಿಗೂ ಗೊತ್ತು. ಅದೇ ಮಾರ್ಗಸೂಚಿಯ ಮುಂದಿನ ಮಾತನ್ನು ಮಾತ್ರ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ: ವಾರಕ್ಕೆ ಕನಿಷ್ಠ ಎರಡು ದಿನ ದೊಡ್ಡ ಸ್ನಾಯುಗಳೆಲ್ಲ ದಣಿಯುವಂಥ ಕೆಲಸ ಬೇಕು. 65 ದಾಟಿದವರಿಗಾದರೆ ಇದರ ಜೊತೆಗೆ ವಾರಕ್ಕೆ ಮೂರು ದಿನ ಮೈಯ ಸಮತೋಲ ಕಾಯುವ ಅಭ್ಯಾಸವೂ ಬೇಕು. ಸಪಾಟು ನೆಲದ ಮೇಲಿನ ವಾಕಿಂಗ್‌ನಿಂದ ಇವೆರಡೂ ಸಿಗುವುದು ಕಷ್ಟ.

ನೆಲದಿಂದ ಏಳುವುದನ್ನೇ ಪರೀಕ್ಷೆಯಾಗಿ ಮಾಡಿದ ವೈದ್ಯರೊಬ್ಬರಿದ್ದಾರೆ. ಬ್ರೆಜಿಲ್‌ನ ಕ್ಲಾಡಿಯೋ ಗಿಲ್ ಅರಾವುಜೊ. ಬರಿಗಾಲಲ್ಲಿ ನಿಂತು, ಏನನ್ನೂ ಹಿಡಿದುಕೊಳ್ಳದೆ ನೆಲದ ಮೇಲೆ ಕೂರಬೇಕು, ಹಾಗೆಯೇ ಏಳಬೇಕು. ಕೂರುವುದಕ್ಕೆ 5 ಅಂಕ, ಏಳುವುದಕ್ಕೆ 5. ಕೈ ಊರಿದರೆ ಒಂದು ಅಂಕ ಹೋಯಿತು, ಮಂಡಿ ಊರಿದರೆ ಇನ್ನೊಂದು. ಮೈ ಓಲಾಡಿದರೆ ಅರ್ಧ. 51ರಿಂದ 80ರ ನಡುವಿನ 2,002 ಮಂದಿಯನ್ನು ಹೀಗೆ ಪರೀಕ್ಷಿಸಿ, ಕೆಲವು ವರ್ಷ ಬೆನ್ನುಹತ್ತಿ ಅರಾವುಜೊ ಅವರ ತಂಡ ವರದಿ ಪ್ರಕಟಿಸಿದ್ದು 2012ರಲ್ಲಿ. ಎಂಟು ಮತ್ತು ಅದಕ್ಕಿಂತ ಹೆಚ್ಚು ಅಂಕ ಪಡೆದವರಿಗೆ ಹೋಲಿಸಿದರೆ ಮೂರು ಮತ್ತು ಅದಕ್ಕೂ ಕೆಳಗಿನವರು ಆ ಅವಧಿಯಲ್ಲಿ ಸಾಯುವ ಸಂಭವ ಐದು ಪಟ್ಟಿಗೂ ಹೆಚ್ಚಿತ್ತು. ಕೈ ಊರಿದ್ದಕ್ಕೇ ಯಾರೂ ಸಾಯಲಿಲ್ಲ, ನಿಜ. ಮೊದಲೇ ಕಾಯಿಲೆ ಇದ್ದವರಿಗೆ ಏಳುವುದೂ ಕಷ್ಟವಾಗಿದ್ದಿರಬಹುದು. ಆದರೂ ಕಾಲಿನ ಬಲ, ಸೊಂಟದ ಸಡಿಲ, ಮೈತೂಕ, ಸಮತೋಲ ಎಲ್ಲವೂ ಆ ಒಂದು ಚಲನೆಯಲ್ಲಿ ಬಂದುಬಿಡುತ್ತವೆ. ಟ್ರೆಡ್‌ಮಿಲ್ಲಿನ ಪರದೆಯಲ್ಲಿ ಮಿನುಗುವ ಅಂಕಿಗಳಿಗಿಂತ ಇದು ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಸ್ನಾಯುವಿನಲ್ಲಿ ಶೇ 3ರಿಂದ 8ರಷ್ಟು ಕರಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ತಕ್ಕಡಿಗೆ ಇದು ತಿಳಿಯುವುದಿಲ್ಲ, ಏಕೆಂದರೆ ಕರಗಿದ ಜಾಗಕ್ಕೆ ಕೊಬ್ಬು ಬಂದು ಕೂರುತ್ತದೆ. ಮದುವೆಯಾದಾಗ ಎಷ್ಟಿದ್ದೆನೋ ಈಗಲೂ ಅಷ್ಟೇ ಕೆ.ಜಿ. ಎಂದು ಬೀಗುವವರು ತೊಡೆಯನ್ನೊಮ್ಮೆ ಮುಟ್ಟಿ ನೋಡಿಕೊಳ್ಳುವುದು ಒಳ್ಳೆಯದು. ನಮ್ಮ ದೇಶಕ್ಕೆ ಈ ಲೆಕ್ಕ ಇನ್ನೂ ಮುಖ್ಯ. ಊಟವಾದ ಮೇಲೆ ರಕ್ತಕ್ಕೆ ಬಂದ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯುಗಳೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಹೇಳಿದಂತೆ ನಮ್ಮಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿ ದಾಟಿದ್ದಾರೆ. ಇಷ್ಟು ಮಂದಿ ತೊಡೆಯ ಬಲ ಕಳೆದುಕೊಳ್ಳುವುದು ಸಣ್ಣ ಸಂಗತಿಯಲ್ಲ.

ಇದಕ್ಕೆ ಬೇಕಾದ ಮೊದಲ ವ್ಯಾಯಾಮ ನಮಗೆಲ್ಲ ಬರುವಂಥದ್ದೇ, ಬಸ್ಕಿ. ದುರದೃಷ್ಟಕ್ಕೆ ಶಾಲೆಯಲ್ಲಿ ಅದನ್ನು ಶಿಕ್ಷೆಯಾಗಿ ಕಲಿಸಿದರು, ಆದ್ದರಿಂದ ದೊಡ್ಡವರಾದ ಮೇಲೆ ಗಣಪತಿಯ ಮುಂದೆ ಕಿವಿ ಹಿಡಿದು ಮೂರು ಸಲ ಅರ್ಧಂಬರ್ಧ ಬಗ್ಗಿ ಎದ್ದು ಮುಗಿಸುತ್ತೇವೆ. ಮಂಡಿ ಗಟ್ಟಿಯಿರುವವರು ಪೂರ್ತಿ ಕೂತು ಏಳಬಹುದು. ಹೊಸಬರು ಕುರ್ಚಿಯಿಂದ ಶುರು ಮಾಡಲಿ: ಕೈಗಳನ್ನು ಎದೆಗೆ ಕಟ್ಟಿಕೊಂಡು ಏಳುವುದು, ಮೆಲ್ಲಗೆ ಕೂರುವುದು. ಧೊಪ್ಪನೆ ಬೀಳಬಾರದು, ಇಳಿಯುವಾಗಲೂ ತೊಡೆಗೆ ಕೆಲಸವಿದೆ. ಹತ್ತು ಸಲ, ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹತ್ತು. ಕುರ್ಚಿ ಸಲೀಸಾದ ಮೇಲೆ ಗಿಡ್ಡ ಸ್ಟೂಲು, ಸ್ಟೂಲು ಆದ ಮೇಲೆ ಮಣೆ.

ಸಲೀಸಾದ ಮೇಲೂ ಅಲ್ಲೇ ನಿಲ್ಲುವುದರಿಂದ ಮನೆಯ ವ್ಯಾಯಾಮ ಎಷ್ಟೋ ಸಲ ಫಲ ಕೊಡುವುದಿಲ್ಲ. ಕೊನೆಯ ಎರಡು ಮೂರು ಸಲ ಕಷ್ಟವಾದರಷ್ಟೇ ಸ್ನಾಯು ಬೆಳೆಯುತ್ತದೆ. ಜಿಮ್ಮಿನಲ್ಲಿ ಕಬ್ಬಿಣದ ಬಿಲ್ಲೆ ಸೇರಿಸುತ್ತಾ ಹೋಗುತ್ತಾರೆ. ಮನೆಯಲ್ಲಿ ವೇಗ ತಗ್ಗಿಸಬಹುದು, ಒಂದೇ ಕಾಲಿಗೆ ಹೆಚ್ಚು ಭಾರ ಹಾಕಬಹುದು, ಐದು ಕೆ.ಜಿ.ಯ ಅಕ್ಕಿ ಚೀಲವನ್ನು ಎದೆಗೆ ಅವುಚಿಕೊಳ್ಳಬಹುದು. ದಂಡ ಹೊಡೆಯುವುದೂ ಹಾಗೆಯೇ. ಮೊದಲು ಗೋಡೆಗೆ ಕೈಕೊಟ್ಟು, ಆಮೇಲೆ ಅಡುಗೆಮನೆ ಕಟ್ಟೆಗೆ, ಕೊನೆಗೆ ನೆಲಕ್ಕೆ. ಮನೆಯಲ್ಲಿ ಸುಲಭಕ್ಕೆ ಸಿಗದಿರುವುದು ಎಳೆಯುವ ಕೆಲಸ. ಬಾವಿಯಿಂದ ನೀರು ಸೇದುವಾಗ ಬೆನ್ನು, ರಟ್ಟೆಗಳಿಗೆ ಅದು ದಕ್ಕುತ್ತಿತ್ತು. ಈಗ ಕಿಟಕಿಯ ಗಟ್ಟಿ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ ಎಳೆಯಬೇಕು, ಇಲ್ಲವೇ ಪಾರ್ಕಿನ ಕಂಬಿಗೆ ನೇತಾಡಬೇಕು.

ಮನೆಯಲ್ಲೇ ಮೈ ಕಟ್ಟುವುದು ಯೂಟ್ಯೂಬ್ ಬಂದ ಮೇಲೆ ಶುರುವಾದದ್ದೇನಲ್ಲ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಕೆ.ವಿ. ಅಯ್ಯರ್ ಸ್ವಾತಂತ್ರ್ಯಕ್ಕೆ ಮುಂಚೆಯೇ ಅಂಚೆಯ ಮೂಲಕ ವ್ಯಾಯಾಮದ ಪಾಠ ಕಳಿಸುತ್ತಿದ್ದರು. ಕನ್ನಡ ಓದುಗರಿಗೆ ಅವರು ‘ಶಾಂತಲಾ’, ‘ರೂಪದರ್ಶಿ’ ಬರೆದ ಕಾದಂಬರಿಕಾರ, ಕೈಲಾಸಂ ಅವರ ಆಪ್ತ. ಆ ಕಾದಂಬರಿಗಳನ್ನು ಬರೆದ ಕೈಯೇ ದೇಹದಾರ್ಢ್ಯದ ಚಿತ್ರಗಳಿಗೆ ರಟ್ಟೆಯುಬ್ಬಿಸಿ ನಿಂತದ್ದು, ಸೂರ್ಯನಮಸ್ಕಾರದ ಮೇಲೆ ಪುಸ್ತಕ ಬರೆದದ್ದು ಎಂಬುದು ಈಗಿನವರಿಗೆ ಅಷ್ಟಾಗಿ ತಿಳಿಯದು. ವ್ಯಾಯಾಮಶಾಲೆಯ ಮಾಲೀಕರೇ ಮನೆಯಲ್ಲಿ ಮಾಡುವ ಪಾಠವನ್ನು ಮಾರುತ್ತಿದ್ದರೆಂದರೆ ಆಗಿನವರಿಗೆ ಇವೆರಡೂ ವೈರಿಗಳಾಗಿ ಕಂಡಿರಲಿಲ್ಲ.

ಗರಡಿಮನೆಯ ಸಾಮಾನುಗಳನ್ನೂ ನೋಡಿ. ಕಲ್ಲುಗುಂಡು, ಗದೆ, ಮರದ ಕರ್ಲ, ಕೆಳಗೆ ಕೆಮ್ಮಣ್ಣು. ಇದರಲ್ಲಿ ಊರ ಬಡಗಿ, ಕಲ್ಲುಕುಟಿಗ ಮಾಡಿಕೊಡಲಾಗದ್ದು ಏನೂ ಇಲ್ಲ. ಕರ್ಲ ತಿರುಗಿಸುವುದನ್ನು ಬ್ರಿಟಿಷರು ನಮ್ಮಲ್ಲಿ ಕಂಡು ತಮ್ಮ ಸೈನ್ಯದ ಕಸರತ್ತಿಗೆ ಸೇರಿಸಿಕೊಂಡರು. ಮುಂದೆ ಅಂಥದೇ ಮರದ ಗದೆಗಳನ್ನು ಬೀಸುವ ಸ್ಪರ್ಧೆ 1904 ಮತ್ತು 1932ರ ಒಲಿಂಪಿಕ್ಸ್‌ನಲ್ಲೂ ನಡೆಯಿತು. ಮೈಸೂರಿನ ಹಳೆಯ ಮೊಹಲ್ಲಾಗಳಲ್ಲಿ ಇನ್ನೂ ಕೆಲವು ಗರಡಿಗಳು ಬಾಗಿಲು ತೆರೆಯುತ್ತವೆ. ಆದರೆ ಹೆಣ್ಣುಮಕ್ಕಳಿಗೆ ಆ ಬಾಗಿಲು ತೆರೆದದ್ದು ಕಡಿಮೆ ಎನ್ನುವುದನ್ನು ಹಳೆಯದನ್ನು ಹೊಗಳುವ ಭರದಲ್ಲಿ ಮರೆಯಬಾರದು.

ಹೊಗಳಿಕೆಯ ಇನ್ನೊಂದು ಜಾಡು ಒರಳುಕಲ್ಲಿನದು. ಮಿಕ್ಸಿ ಬಂತು, ಹೆಂಗಸರ ಆರೋಗ್ಯ ಹೋಯಿತು ಎನ್ನುವವರು ಸಾಮಾನ್ಯವಾಗಿ ಒಂದು ದಿನವೂ ರುಬ್ಬಿದವರಲ್ಲ. ರುಬ್ಬಿ, ಬೀಸಿ, ನೀರು ಹೊತ್ತು ಸೊಂಟ ಬಿದ್ದುಹೋದ ಅಜ್ಜಿಯಂದಿರು ಪ್ರತಿ ಮನೆಯಲ್ಲೂ ಇದ್ದರು. ಸುಸ್ತಾದಾಗ ನಿಲ್ಲಿಸುವ ಸ್ವಾತಂತ್ರ್ಯ ಇದ್ದರೆ ಮಾತ್ರ ಅದನ್ನು ವ್ಯಾಯಾಮ ಎನ್ನಬಹುದು. ಬೆವರು ಬರುವಂಥ ಮನೆಗೆಲಸವೂ ವಾರದ ನಿಮಿಷಗಳ ಲೆಕ್ಕಕ್ಕೆ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆದರೂ ಭಾರತದಲ್ಲಿ ಸಾಕಷ್ಟು ಚಟುವಟಿಕೆ ಇಲ್ಲದ ಹೆಂಗಸರು 2022ರ ಲೆಕ್ಕದಂತೆ ಶೇ 57, ಗಂಡಸರು ಶೇ 42. ಮನೆಗೆಲಸವೆಲ್ಲ ಮುಗಿಸಿದ ಹೆಂಗಸಿಗೆ ತನ್ನದೇ ಅರ್ಧ ಗಂಟೆ ಉಳಿಯುವುದಿಲ್ಲ. ಆ ಅರ್ಧ ಗಂಟೆ ಪಾತ್ರೆ ತೊಳೆಯಲು ಗಂಡಸರು ಎದ್ದರೆ ಇಬ್ಬರಿಗೂ ಲಾಭ.

ಇನ್ನು ಮೆಟ್ಟಿಲು. ಮೆಟ್ಟಿಲಿನ ಮಹಿಮೆಯನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಲಂಡನ್ನಿನ ಬಸ್ ಕಂಡಕ್ಟರುಗಳು. ಜೆರಿ ಮಾರಿಸ್ ಎಂಬ ವೈದ್ಯರು ಅಲ್ಲಿನ ಸಾರಿಗೆ ನೌಕರರ ಆರೋಗ್ಯದ ದಾಖಲೆ ಜಾಲಾಡಿ 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಡಬಲ್ ಡೆಕ್ಕರ್ ಬಸ್ಸಿನಲ್ಲಿ ಚಾಲಕ ದಿನವಿಡೀ ಕೂತಿರುತ್ತಿದ್ದ, ಕಂಡಕ್ಟರ್ ಟಿಕೆಟ್ ಕೊಡಲು ದಿನಕ್ಕೆ 500ಕ್ಕೂ ಹೆಚ್ಚು ಮೆಟ್ಟಿಲು ಹತ್ತುತ್ತಿದ್ದ. ಹೃದಯಾಘಾತ ಕಂಡಕ್ಟರುಗಳಲ್ಲಿ ಕಡಿಮೆ, ಬಂದರೂ ತಡವಾಗಿ ಬರುತ್ತಿತ್ತು. ಚಾಲಕರು ಕೆಲಸಕ್ಕೆ ಸೇರುವಾಗಲೇ ದಪ್ಪಗಿದ್ದರೇನೋ ಎಂಬ ಅನುಮಾನ ಮಾರಿಸ್‌ಗೂ ಬಂತು. ಸಂಸ್ಥೆ ಹೊಲಿಸಿಕೊಟ್ಟ ಸಮವಸ್ತ್ರದ ಸೊಂಟದ ಅಳತೆಗಳನ್ನೇ ಹುಡುಕಿ ತೆಗೆಸಿದರು. ಅನುಮಾನ ನಿಜವಾಗಿತ್ತು, ಚಾಲಕರ ಪ್ಯಾಂಟು ಮೊದಲಿನಿಂದಲೂ ದೊಡ್ಡದೇ. ಆದರೆ ಒಂದೇ ಅಳತೆಯ ಸೊಂಟದವರನ್ನು ಹೋಲಿಸಿದರೂ ಕಂಡಕ್ಟರೇ ಮೇಲು. ಟೈಲರ್ ಲೆಕ್ಕವನ್ನೂ ವಿಜ್ಞಾನಕ್ಕೆ ಎಳೆದುತಂದ ಈ ಮನುಷ್ಯ 1910ರಲ್ಲಿ ಹುಟ್ಟಿ 2009ರವರೆಗೆ ಬದುಕಿದರು.

ನಮ್ಮಲ್ಲಿ ಮೆಟ್ಟಿಲಿಗೆ ಬರವೇ? ದೊಡ್ಡ ದೇವರಾಜ ಒಡೆಯರು 1664ರಲ್ಲಿ ಕಟ್ಟಿಸಿದರೆನ್ನುವ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಮೈಸೂರಿನವರಿಗೆ ಬಿಟ್ಟಿ ಸಿಕ್ಕ ವ್ಯಾಯಾಮಶಾಲೆ. ನಂದಿಯವರೆಗೆ ಹೋದರೂ ಸುಮಾರು 700 ಆಯಿತು. ಹರಕೆ ಹೊತ್ತ ಹೆಂಗಸರು ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಏರುವುದನ್ನು ನೋಡಿದ್ದೀರಾ? ಯಾವ ತರಬೇತುದಾರನೂ ಅಷ್ಟು ಕಠಿಣವಾದ ಪಾಠ ಹೇಳಿಕೊಡಲಾರ. ಹಂಪಿ ಕಡೆಯವರಿಗೆ ಅಂಜನಾದ್ರಿಯ 575, ಚನ್ನರಾಯಪಟ್ಟಣದ ಸುತ್ತಿನವರಿಗೆ ಶ್ರವಣಬೆಳಗೊಳದ 600ಕ್ಕೂ ಹೆಚ್ಚು. ಬೆಟ್ಟವಿಲ್ಲದ ಊರಲ್ಲಿ ಕಚೇರಿಯ ಎರಡು ಮಹಡಿ ಸಾಕು, ದಿನಕ್ಕೆ ನಾಲ್ಕು ಸಲ. ಹತ್ತುವುದು ಎದೆಗೆ ಕೆಲಸ, ಇಳಿಯುವುದು ಮಂಡಿಗೆ. ಮಂಡಿ ನೋವಿರುವವರು ಹತ್ತಿಹೋಗಿ ಲಿಫ್ಟಿನಲ್ಲಿ ಇಳಿಯಲಿ. ನಮ್ಮವರು ಮಾಡುವುದು ಇದರ ಉಲ್ಟಾ.

ಹತ್ತು ಸಾವಿರ ಹೆಜ್ಜೆ ಆಗಲಿಲ್ಲವೆಂದು ರಾತ್ರಿ ಹತ್ತಕ್ಕೆ ಮನೆಯ ಹಾಲ್‌ನಲ್ಲಿ ಗಿರಕಿ ಹೊಡೆಯುವವರಿಗೆ ಒಂದು ಸಮಾಧಾನ. ಆ ಸಂಖ್ಯೆ ವೈದ್ಯರು ಕೊಟ್ಟದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಮಾರುಕಟ್ಟೆಗೆ ಬಿಟ್ಟ ಹೆಜ್ಜೆ ಎಣಿಸುವ ಯಂತ್ರದ ಹೆಸರದು. ಅಮೆರಿಕದ ವಯಸ್ಸಾದ ಮಹಿಳೆಯರ ಮೇಲೆ ನಡೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಅದರಲ್ಲಿ ದಿನಕ್ಕೆ 4,400 ಹೆಜ್ಜೆ ನಡೆದವರಲ್ಲೇ, 2,700 ನಡೆದವರಿಗಿಂತ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಇತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಉಳಿದ ಹೊತ್ತನ್ನು ಬಸ್ಕಿಗೆ ಕೊಡಿ.

ಜಿಮ್ ಬೇಡವೇ ಬೇಡ ಎಂಬುದು ನನ್ನ ವಾದವಲ್ಲ. ದುಡ್ಡು ಕಟ್ಟಿದ ಮೇಲಾದರೂ ಹೋಗುತ್ತೇನೆ ಎನ್ನುವ ಸ್ವಭಾವದವರು ಹೋಗಲಿ, ಒಳ್ಳೆಯ ತರಬೇತುದಾರ ಸಿಕ್ಕಿದರೆ ಅದೃಷ್ಟ. ಜನವರಿಯಲ್ಲಿ ವರ್ಷದ ಶುಲ್ಕ ಕಟ್ಟಿ ಶಿವರಾತ್ರಿಯ ಹೊತ್ತಿಗೆ ಮರೆಯುವವರ ದುಡ್ಡಿನಲ್ಲೇ ಎಷ್ಟೋ ಜಿಮ್‌ಗಳ ಬಾಡಿಗೆ ಸಂದಾಯವಾಗುತ್ತದೆ ಎಂದು ನನ್ನ ಗುಮಾನಿ, ಅಷ್ಟೇ. ಬಿ.ಪಿ., ಹೃದಯದ ತೊಂದರೆ ಇರುವವರು ಯಾವುದನ್ನು ಶುರು ಮಾಡುವ ಮುಂಚೆಯೂ ವೈದ್ಯರನ್ನು ಕೇಳಬೇಕು. ಭಾರ ಎತ್ತುವಾಗ ಉಸಿರು ಬಿಗಿಹಿಡಿಯಬಾರದು. ಎದೆಯಲ್ಲಿ ಒತ್ತಿದಂತಾದರೆ, ಕಣ್ಣು ಕತ್ತಲಿಟ್ಟರೆ ಅಲ್ಲೇ ನಿಲ್ಲಿಸಬೇಕು.

ಕೊನೆಗೆ ಒಂದು ಮನವಿ, ಅಪಾರ್ಟ್‌ಮೆಂಟ್ ಸಂಘಗಳ ಪದಾಧಿಕಾರಿಗಳಿಗೆ. ಎಷ್ಟೋ ಕಟ್ಟಡಗಳಲ್ಲಿ ಮೆಟ್ಟಿಲಿನ ದಾರಿ ಕತ್ತಲಾಗಿದೆ. ಹಳೆಯ ಸೈಕಲ್ಲು, ಒಡೆದ ಕುಂಡ, ಬಣ್ಣದ ಡಬ್ಬಗಳ ಉಗ್ರಾಣವಾಗಿದೆ. ನೆಲಮಹಡಿಯಲ್ಲಿ ಲಕ್ಷಗಟ್ಟಲೆ ಸುರಿದು ಜಿಮ್ ಮಾಡುವ ಮುಂಚೆ ಅಲ್ಲಿ ನಾಲ್ಕು ಬಲ್ಬು ಹಾಕಿಸಿ, ಕೈಹಿಡಿ ಕಂಬಿ ಗಟ್ಟಿ ಮಾಡಿಸಿ, ಸಾಮಾನು ತೆಗೆಸಿ. ಬೆಂಕಿ ಬಿದ್ದ ದಿನ ಜನ ಹೊರಗೆ ಓಡಿಬರಬೇಕಾದ ದಾರಿಯೂ ಅದೇ.