ಕರೆಂಟು ಹೋದಾಗ ಬಾಗಿಲು ಏನು ಮಾಡಬೇಕು?

ಕಳೆದ ಮಳೆಗಾಲಕ್ಕೆ ಮುನ್ನ ನಮ್ಮ ಧರ್ಮಕೇಂದ್ರದ ಪಾಲನಾ ಮಂಡಳಿಯ ಸಭೆಯಲ್ಲಿ ಒಂದು ಠರಾವು ಅಂಗೀಕೃತವಾಯಿತು. ಸಭಾಭವನದ ಹಿಂಬಾಗಿಲಿನಿಂದ ಯಾರೋ ಒಳನುಗ್ಗಿ ಧ್ವನಿವರ್ಧಕದ ಸಾಮಗ್ರಿಗಳನ್ನು ಹೊತ್ತೊಯ್ದಿದ್ದರು. ಆದುದರಿಂದ ಭವನಕ್ಕೆ ಕ್ಯಾಮೆರಾಗಳನ್ನೂ ಎಚ್ಚರಿಕೆಯ ಗಂಟೆಯನ್ನೂ ಅಳವಡಿಸಿ, ಆ ಹಿಂಬಾಗಿಲನ್ನು ಕಾರ್ಡು ಇಲ್ಲದೆ ಯಾರೂ ತೆರೆಯಲಾಗದಂತೆ ಭದ್ರಪಡಿಸಬೇಕೆಂಬುದು ಎಲ್ಲರ ಒಮ್ಮತ. ಆ ಒಮ್ಮತದಲ್ಲಿ ನಾವೂ ಇದ್ದೆವು ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ.

ಕೆಲಸಕ್ಕೆ ಕರೆಸಿದ್ದು ನಮ್ಮದೇ ಧರ್ಮಕೇಂದ್ರದ ಒಬ್ಬ ತರುಣನನ್ನು. ಐ.ಟಿ.ಐ.ಯಲ್ಲಿ ಇಲೆಕ್ಟ್ರಾನಿಕ್ಸ್ ಕಲಿತು, ಕೊಲ್ಲಿ ರಾಷ್ಟ್ರವೊಂದರಲ್ಲಿ ಒಂಬತ್ತು ವರ್ಷ ಕಟ್ಟಡಗಳಿಗೆ ಭದ್ರತಾ ವ್ಯವಸ್ಥೆ ಜೋಡಿಸುವ ಕೆಲಸ ಮಾಡಿ, ತಾಯಿಯ ಅನಾರೋಗ್ಯದ ನಿಮಿತ್ತ ಊರಿಗೆ ಮರಳಿದವನು. ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿ ನೋಡಿದವನೇ ಕೇಳಿದ: “ಫಾದರ್, ಕರೆಂಟು ಹೋದಾಗ ಈ ಬಾಗಿಲು ಬಿಟ್ಟುಕೊಳ್ಳಬೇಕೋ, ಹಿಡಿದುಕೊಂಡೇ ಇರಬೇಕೋ?” ಹಿಡಿದುಕೊಂಡೇ ಇರಬೇಕು, ಕಳ್ಳನಿಗೆ ಕರೆಂಟು ಕಡಿಯುವುದು ದೊಡ್ಡ ಮಾತೇ ಎಂದೆವು. “ಹಾಗಾದರೆ ಈ ಬಾಗಿಲಿನ ಕೆಲಸ ಬೇರೆಯವರಿಗೆ ಕೊಡಿ” ಎಂದ. ನಮಗೆ ಕೊಂಚ ಬೇಸರವೇ ಆಯಿತು. ನಮ್ಮ ಕೈಯಿಂದಲೇ ದೃಢೀಕರಣ ಸಂಸ್ಕಾರ ಪಡೆದ ಹುಡುಗ ನಮ್ಮೆದುರು ಹೀಗೆ ಮಾತನಾಡುವುದೇ? (ದೃಢೀಕರಣ ನೀಡುವವರು ಧರ್ಮಾಧ್ಯಕ್ಷರು, ನಾವು ಕೇವಲ ಧರ್ಮೋಪದೇಶ ಕಲಿಸಿದವರು. ಕೋಪದಲ್ಲಿ ಮನಸ್ಸು ಇಂಥ ಲೆಕ್ಕವನ್ನೆಲ್ಲ ಮರೆಯುತ್ತದೆ.)

ಅವನು ಚೀಲದಿಂದ ಒಂದು ಮ್ಯಾಗ್ನೆಟಿಕ್ ಲಾಕನ್ನು ತೆಗೆದು ಮೇಜಿನ ಮೇಲಿಟ್ಟ. ಚೌಕಟ್ಟಿಗೆ ಕೂರಿಸುವ ವಿದ್ಯುದಯಸ್ಕಾಂತ, ಬಾಗಿಲಿಗೆ ತಿರುಪು ಹಾಕುವ ಕಬ್ಬಿಣದ ಫಲಕ, ಇಷ್ಟೇ. 12 ವೋಲ್ಟಿನ ವಿದ್ಯುತ್ತು ಹರಿಯುತ್ತಿರುವಷ್ಟು ಕಾಲ ಎರಡೂ ಅಂಟಿಕೊಂಡಿರುತ್ತವೆ. ಸಾಮಾನ್ಯ ಗಾತ್ರದ್ದೇ ಸುಮಾರು 270 ಕಿಲೋ ಸೆಳೆತವನ್ನು ತಡೆಯಬಲ್ಲದು. ವಿದ್ಯುತ್ತು ನಿಂತ ಕ್ಷಣ ಮಗುವಿನ ಕೈಗೂ ಬಾಗಿಲು ತೆರೆಯುತ್ತದೆ. ಇನ್ನೊಂದು ಜಾತಿಯ ಬೀಗವಿದೆ. ಅದಕ್ಕೆ ತೆರೆಯಲೆಂದೇ ವಿದ್ಯುತ್ತು ಬೇಕು, ಇಲ್ಲವಾದರೆ ಹೊರಗಿನವರಿಗೆ ಮುಚ್ಚಿಯೇ ಇರುತ್ತದೆ. ಹಣ ಎಣಿಸುವ ಕೋಣೆಗೆ, ಔಷಧಿಯ ದಾಸ್ತಾನಿಗೆ ಅದು ಸಲ್ಲುತ್ತದೆ. ಅಲ್ಲಿಯೂ ಒಳಗಿರುವವನು ಹಿಡಿ ತಿರುಗಿಸಿದರೆ ಹೊರಬರುವಂತಿರಬೇಕು. ಆದರೆ ನಾನೂರು ಜನ ಮದುವೆಯ ಊಟಕ್ಕೆ ಕೂರುವ ಭವನದಲ್ಲಿ ಬೆಂಕಿಯ ಸೂಚನೆ ಬಂದೊಡನೆ ಬಾಗಿಲುಗಳ ವಿದ್ಯುತ್ತು ತಾನಾಗಿ ಕಡಿಯಬೇಕು. ಪಕ್ಕದ ಗೋಡೆಯಲ್ಲಿ ಹಸಿರು ಬಣ್ಣದ ತುರ್ತು ಪೆಟ್ಟಿಗೆಯಿರಬೇಕು. ಅದನ್ನು ಒತ್ತಿದರೆ ಯಾವ ಗಣಕಯಂತ್ರದ ಅಪ್ಪಣೆಗೂ ಕಾಯದೆ ತಂತಿಯಲ್ಲಿಯೇ ವಿದ್ಯುತ್ತು ನಿಲ್ಲಬೇಕು.

ಗುರುಮಠದಲ್ಲಿ ಅರಿಸ್ಟಾಟಲನ ನಾಲ್ಕು ಕಾರಣಗಳನ್ನು ಬಾಯಿಪಾಠ ಮಾಡಿದವರು ನಾವು. ಒಂದು ವಸ್ತು ಏನೆಂದು ತಿಳಿಯಲು ಅದು ಯಾವುದಕ್ಕಾಗಿ ಇದೆ ಎಂಬುದನ್ನು ಕೇಳಬೇಕೆಂದು ವರ್ಷಗಟ್ಟಲೆ ಓದಿಯೂ, ಬಾಗಿಲು ಯಾವುದಕ್ಕಾಗಿ ಇದೆ ಎಂದು ನಾವು ಕೇಳಿಕೊಂಡಿರಲಿಲ್ಲ. ಮುಚ್ಚಲಿಕ್ಕೇ ಆದರೆ ಗೋಡೆ ಸಾಕಿತ್ತು.

ಈ ಕಸುಬಿನ ಆರಂಭದಲ್ಲಿ ಒಬ್ಬ ಪಾದ್ರಿ ಇದ್ದರೆಂಬುದು ನಮ್ಮ ಓದುಗರಿಗೆ ಕುತೂಹಲವೆನಿಸಬಹುದು. ಅಮೆರಿಕದ ಬಾಸ್ಟನ್ ಸಮೀಪದ ಸೊಮರ್‌ವಿಲ್‌ನ ಆಗಸ್ಟಸ್ ರಸೆಲ್ ಪೋಪ್ ಎಂಬವರು 1853ರಲ್ಲಿ ವಿದ್ಯುತ್ತಿನಿಂದ ನಡೆಯುವ ಕಳ್ಳರ ಗಂಟೆಗೆ ಪೇಟೆಂಟ್ ಪಡೆದರು. ಹೆಸರು ಪೋಪ್ ಆದರೂ ಕಥೋಲಿಕರಲ್ಲ, ಯುನಿಟೇರಿಯನ್ ಪಂಗಡದವರು. ಆ ಹಕ್ಕನ್ನು ಕೊಂಡ ಎಡ್ವಿನ್ ಹೋಮ್ಸ್ ಅದನ್ನು ಉದ್ಯಮವಾಗಿ ಬೆಳೆಸಿದ. ಪೋಪರ ಯಂತ್ರದಲ್ಲಿ ಬಾಗಿಲು ತೆರೆದಾಗ ವಿದ್ಯುನ್ಮಂಡಲ ಪೂರ್ಣಗೊಂಡು ಗಂಟೆ ಬಾರಿಸುತ್ತಿತ್ತು. ಅಲ್ಲಿಗೆ, ಮೊದಲೇ ತಂತಿ ಕಡಿದ ಕಳ್ಳನಿಗೆ ಗಂಟೆಯ ಭಯವಿಲ್ಲ. ಇಂದಿನ ಕ್ರಮ ಅದಕ್ಕೆ ವಿಲೋಮವಾದುದು. ಬಾಗಿಲಿನ ಅಯಸ್ಕಾಂತ ಸ್ಥಾನದಲ್ಲಿರುವಾಗ ತಂತಿಯಲ್ಲಿ ಅತಿ ಸಣ್ಣ ಪ್ರಮಾಣದ ವಿದ್ಯುತ್ತು ಸದಾ ಹರಿಯುತ್ತಿರುತ್ತದೆ. ಬಾಗಿಲು ತೆರೆದರೂ, ತಂತಿ ಕಡಿದರೂ, ಇಲಿ ಕಚ್ಚಿದರೂ ಆ ಹರಿವು ನಿಲ್ಲುತ್ತದೆ, ಗಂಟೆ ಬಾರಿಸುತ್ತದೆ. ತಂತಿಯ ತುದಿಯಲ್ಲಿ ಒಂದು ಪುಟ್ಟ ರೆಸಿಸ್ಟರನ್ನು ಕೂರಿಸಿದರೆ, ಎರಡು ತಂತಿಗಳನ್ನು ಸೇರಿಸಿ ಮೋಸಗೊಳಿಸುವವನೂ ಸಿಕ್ಕಿಬೀಳುತ್ತಾನೆ. ಎಲ್ಲವೂ ಒಂದು ದಿನ ಕೆಡುತ್ತದೆ. ಕೆಟ್ಟಾಗ ಯಾವ ಕಡೆಗೆ ವಾಲಬೇಕೆಂಬುದನ್ನು ಮೊದಲೇ ನಿರ್ಧರಿಸುವುದೇ ತನ್ನ ವಿದ್ಯೆ ಎಂದು ಆ ತರುಣ ಹೇಳಿದ.

ಆ ನಿರ್ಧಾರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಧರ್ಮಸಭೆಯಲ್ಲೇ ಒಂದು ಕಹಿ ನೆನಪಿದೆ. 1958ರ ಡಿಸೆಂಬರ್ 1ರಂದು ಷಿಕಾಗೋ ನಗರದ ಅವರ್ ಲೇಡಿ ಆಫ್ ದಿ ಏಂಜಲ್ಸ್ ಶಾಲೆಗೆ ಬೆಂಕಿ ಬಿದ್ದು 92 ಮಕ್ಕಳೂ 3 ಮಂದಿ ಕನ್ಯಾಸ್ತ್ರೀಯರೂ ಪ್ರಾಣ ಕಳೆದುಕೊಂಡರು. ಶಾಲೆಯಲ್ಲಿ ಬೆಂಕಿಯ ಗಂಟೆಯಿತ್ತು. ಆದರೆ ಅದು ಕಟ್ಟಡದೊಳಗೆ ಮಾತ್ರ ಬಾರಿಸುತ್ತಿತ್ತು, ಅಗ್ನಿಶಾಮಕ ದಳಕ್ಕೆ ಅದರ ಸಂಪರ್ಕವಿರಲಿಲ್ಲ. ನಮ್ಮ ರಾಜ್ಯದಲ್ಲಿ 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಮಡಿದರು. ವಿದ್ಯುತ್ ತಂತಿಗಳು ಸಾಗುವ ನಾಳದಿಂದ ಹೊಗೆ ಮಹಡಿಗಳಿಗೆ ಹಬ್ಬಿತ್ತು. ಆ ದುರಂತದ ಮಾತು ಬಂದಾಗ ತರುಣ ನಮ್ಮ ಭವನದ ಗೋಡೆಯಲ್ಲಿ ಹಿಂದಿನವರು ತಂತಿ ಎಳೆಯಲು ಕೊರೆದು ಹಾಗೆಯೇ ಬಿಟ್ಟಿದ್ದ ತೂತುಗಳನ್ನು ತೋರಿಸಿದ. ತಂತಿ ಎಳೆದವನೇ ಬೆಂಕಿ ತಡೆಯುವ ವಸ್ತುವಿನಿಂದ ತೂತನ್ನು ಮುಚ್ಚಬೇಕು. ಆದರೆ ಅದಕ್ಕೆ ಯಾರೂ ಹಣ ಕೊಡುವುದಿಲ್ಲ, ಏಕೆಂದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲವಂತೆ.

ಕೆಲಸ ಸುಲಭದ್ದಲ್ಲ. ದಿನವಿಡೀ ಏಣಿಯ ಮೇಲೆ ನಿಂತು ಕೆಂಪುಕಲ್ಲಿನ ಧೂಳು ಕುಡಿಯಬೇಕು. ನಮ್ಮ ಕರಾವಳಿಯಲ್ಲಿ ಉಪ್ಪುಗಾಳಿ ಜೋಡಣೆಗಳನ್ನು ತಿನ್ನುತ್ತದೆ. ಸಿಡಿಲು ಒಂದೇ ರಾತ್ರಿ ಎಂಟು ಕ್ಯಾಮೆರಾಗಳನ್ನು ಸುಡುತ್ತದೆ. ದೇಹದ ಶಾಖವನ್ನು ಗುರುತಿಸುವ ಸೆನ್ಸರಿನ ಮೇಲೆ ಹಲ್ಲಿ ಹರಿದರೆ ನಡುರಾತ್ರಿ ಗಂಟೆ; ಮನೆಯವರ ಬೈಗುಳ ಹಲ್ಲಿಗಲ್ಲ, ಇವನಿಗೆ.

ಆದರೆ ಅವನಿಗೆ ಹೆಚ್ಚು ಕಷ್ಟವೆನಿಸುವುದು ಬೇರೆಯೇ. ಮಕ್ಕಳೆಲ್ಲ ಪರದೇಶದಲ್ಲಿದ್ದು ತಾಯಿಯೊಬ್ಬರೇ ಇರುವ ಮನೆಗಳು ನಮ್ಮಲ್ಲಿ ಅನೇಕ. ಮಗ ದೂರದಿಂದ ಫೋನು ಮಾಡಿ ಅಡಿಗೆಮನೆಗೆ, ಮಲಗುವ ಕೋಣೆಗೆ ಕ್ಯಾಮೆರಾ ಹಾಕೆನ್ನುತ್ತಾನೆ. ಅಮ್ಮ ಬಿದ್ದರೆ ತಿಳಿಯಬೇಕಲ್ಲ, ಅದು ಪ್ರೀತಿಯೇ. ಇವನು ಮೊದಲು ಅಮ್ಮನನ್ನು ಕೇಳುತ್ತಾನೆ. ಒಬ್ಬ ವೃದ್ಧೆ, “ಮಗಾ, ಜಪಸರ ಹಿಡಿದು ಅಳುವಾಗ ಯಾರೂ ನೋಡುವುದು ಬೇಡ” ಎಂದರಂತೆ. ಮಲಗುವ ಕೋಣೆಯನ್ನು ಬಿಟ್ಟು, ಬಿದ್ದರೆ ಒತ್ತಲು ಕೊರಳಿಗೊಂದು ಗುಂಡಿ ಕೊಟ್ಟುಬಂದ. ಮಗ ಅರ್ಧ ಹಣ ಹಿಡಿದಿಟ್ಟ. ನಮ್ಮ ಅಭಿಪ್ರಾಯದಲ್ಲಿ ಮಗ ಮಾಡಿದ್ದು ತಪ್ಪು. ಈ ಲೇಖನ ಓದಿ ಅವರು ನಮ್ಮ ಮೇಲೆ ಮುನಿಸಿಕೊಂಡರೆ ಊರಿಗೆ ಬಂದಾಗ ಮಾತನಾಡೋಣ.

ಇಂಥವನ ಕೈಯಲ್ಲಿ ಊರಿನ ಮನೆಗಳ ಗುಟ್ಟಿರುತ್ತದೆ. ಯಾವ ಕಿಟಕಿಗೆ ಸೆನ್ಸರ್ ಇಲ್ಲ, ಕ್ಯಾಮೆರಾದ ಕಣ್ಣು ಎಲ್ಲಿಗೆ ತಲಪುವುದಿಲ್ಲ ಎಂಬುದನ್ನು ಅವನು ಬಲ್ಲ. ಗುಪ್ತಪದವನ್ನು ಮನೆಯವರಿಂದಲೇ ಹೊಸದಾಗಿ ಹಾಕಿಸಿ, ತಾನು ಮುಖ ತಿರುಗಿಸಿ ನಿಲ್ಲುತ್ತಾನೆ. ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಹಾಗೆಯೇ ಬಿಟ್ಟ ಕ್ಯಾಮೆರಾಗಳನ್ನೂ ರೆಕಾರ್ಡರುಗಳನ್ನೂ 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಅಪಾರ ಸಂಖ್ಯೆಯಲ್ಲಿ ವಶಪಡಿಸಿಕೊಂಡು, ದೊಡ್ಡ ದೊಡ್ಡ ಅಂತರ್ಜಾಲ ಸೇವೆಗಳನ್ನೇ ಸ್ತಬ್ಧಗೊಳಿಸಿತ್ತು. ಪಾಪನಿವೇದನೆ ಕೇಳುವ ನಮಗೆ ಗುಟ್ಟಿನ ಭಾರ ಗೊತ್ತು. ನಮಗಾದರೋ ಅದಕ್ಕೆ ವರ್ಷಗಳ ತರಬೇತಿಯಿತ್ತು. ಇವನಿಗೆ ಅದನ್ನು ಕಲಿಸಿದವರು ಯಾರೂ ಇಲ್ಲ.

ಕೊನೆಗೆ ನಮ್ಮ ಹಿಂಬಾಗಿಲಿಗೆ ಅವನು ಹೇಳಿದ ವ್ಯವಸ್ಥೆಯೇ ಬಂತು. ಒಳಗಿನಿಂದ ಎದೆಮಟ್ಟದ ಅಡ್ಡಪಟ್ಟಿಯನ್ನು ದೂಡಿದರೆ ಬಾಗಿಲು ತೆರೆಯುತ್ತದೆ, ಹೊರಗಿನಿಂದ ತೆರೆಯದು. ತೆರೆದರೆ ಗಂಟೆ ಬಾರಿಸುತ್ತದೆ. ಮೊದಲ ಭಾನುವಾರವೇ ಧರ್ಮೋಪದೇಶದ ಮಕ್ಕಳು ಅದನ್ನು ಮೂರು ಸಲ ಪರೀಕ್ಷಿಸಿದರು. ಮೂರು ತಿಂಗಳಿಗೊಮ್ಮೆ ಅವನು ಬಂದು ಬ್ಯಾಟರಿ ಅಳೆದು, ತಂತಿಯ ಒಂದೊಂದು ಸುತ್ತನ್ನೂ ಬಿಚ್ಚಿ ನೋಡಿ, ಪುಸ್ತಕದಲ್ಲಿ ಬರೆದು ಹೋಗುತ್ತಾನೆ. ಆರು ತಿಂಗಳಲ್ಲಿ ಏನೂ ಆಗಿಲ್ಲವಲ್ಲ, ಈ ವಾರ್ಷಿಕ ನಿರ್ವಹಣೆಯ ಹಣ ಯಾತಕ್ಕೆ ಎಂದು ಖಜಾಂಚಿಯವರು ಕಳೆದ ಸಭೆಯಲ್ಲಿ ಕೇಳಿದರು. ಅದರ ಚರ್ಚೆ ಮುಂದಿನ ಸಭೆಗೆ ಹೋಗಿದೆ. ತರುಣನಿಗೆ ಈಗ ಕೈಕೆಳಗೆ ಕೆಲಸ ಕಲಿಯಲು ಇಬ್ಬರು ಹುಡುಗರು ಬೇಕಾಗಿದ್ದಾರೆ. ಎತ್ತರಕ್ಕೆ ಹೆದರದವರು, ಇನ್ನೊಬ್ಬರ ಮನೆಯಲ್ಲಿ ಕಂಡದ್ದನ್ನು ತಮ್ಮ ಮನೆಯಲ್ಲಿ ಹೇಳದವರು ಇದ್ದರೆ, ತಂದೆತಾಯಂದಿರು ಭಾನುವಾರದ ಪೂಜೆಯ ನಂತರ ನಮ್ಮನ್ನು ಕಾಣಬಹುದು.